ಶಾಲೆಗೆ ಗಣಕಯಂತ್ರಗಳ ಆಯ್ಕೆ ಮತ್ತು ಮುಕ್ತ ತಂತ್ರಾಂಶದ ಬಳಕೆ

2025ನೆಯ ಇಸವಿಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ದೂರದ ವಾಣಿಜ್ಯ ಸಂಸ್ಥೆಯೊಂದರ ಈ ನಿರ್ಧಾರಕ್ಕೂ, ಬಿಳೇಕಹಳ್ಳಿಯ ಮಗ್ಗುಲಲ್ಲಿ ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದೇ ಆಗಿದೆ. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ಭದ್ರತಾ ಬಿಲ್ಲೆಯನ್ನೂ ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆ ಅಥವಾ ಅದಕ್ಕೆ ಸಮನಾದ ಸಂಸ್ಕಾರಕವನ್ನೂ ಬಯಸುತ್ತದೆ. ಆ ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಯಂತ್ರಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಹೊಸ ವ್ಯವಸ್ಥೆಯ ಪಂಕ್ತಿಯಲ್ಲಿ ಅವಕ್ಕೆ ಎಲೆ ಹಾಕುವುದಿಲ್ಲ. ಹೆಚ್ಚುವರಿ ಅವಧಿಗೆ ಭದ್ರತಾ ಪರಿಷ್ಕರಣೆಯನ್ನು ಪಡೆಯುವ ಏರ್ಪಾಡು ಉಂಟಾದರೂ ಅದು ತಾತ್ಕಾಲಿಕವಾದುದು. ಹೀಗಾಗಿ ಬನ್ನೇರುಘಟ್ಟ ರಸ್ತೆ, ಬಿ.ಟಿ.ಎಂ. ಬಡಾವಣೆ, ಜಯಪ್ರಕಾಶನಗರಗಳ ಕಚೇರಿಗಳಿಂದ ಹೊರಬೀಳುವ ಯಂತ್ರಗಳನ್ನು ಶಾಲೆಗೆ ಕೊಡಬಹುದೇ ಎಂದು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವಿಚಾರಿಸುವುದು ಸಹಜ. ಅವನ್ನು ಸ್ವೀಕರಿಸಬೇಕೆ, ಸ್ವೀಕರಿಸುವುದಾದರೆ ಯಾವುವನ್ನು, ಸ್ವೀಕರಿಸಿದ ಮೇಲೆ ಅವು ಹೊದಿಕೆಯ ಕೆಳಗೆ ಧೂಳು ತಿನ್ನದೆ ಮಕ್ಕಳ ಕೈಗೆ ಸೇರುವುದು ಹೇಗೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಕೆಲವು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಗಣಕಯಂತ್ರದ ಬಿಡಿಭಾಗಗಳನ್ನೆಲ್ಲ ಒಂದು ಆಜ್ಞೆಯಲ್ಲಿ ಇರಿಸಿ, ನಾವು ಬಳಸುವ ಇತರ ತಂತ್ರಾಂಶಗಳಿಗೆ ನೆಲೆಯಾಗುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಎಂದು ಹೆಸರು. ಇಂಥ ವ್ಯವಸ್ಥೆಯೊಂದರ ಮೂಲ ಬರಹವನ್ನು ಯಾರು ಬೇಕಾದರೂ ಓದಲು, ತಿದ್ದಲು, ಪ್ರತಿಮಾಡಿ ಹಂಚಲು ಪರವಾನಗಿಯೇ ಅವಕಾಶ ಕೊಟ್ಟಿದ್ದರೆ ಅದು ಮುಕ್ತ ತಂತ್ರಾಂಶ. ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಎಂಬ ತಿರುಳೂ ಕೂಡಿ ಇಂದು ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಹೆಸರುಗಳಲ್ಲಿ ದೊರೆಯುತ್ತಿವೆ. ಇವುಗಳಿಗೆ ಹಣ ಕೊಡಬೇಕಾಗಿಲ್ಲವೆಂಬುದು ನಿಜ. ಆದರೆ ಬೆಲೆಯಿಲ್ಲದಿರುವುದೇ ಇವುಗಳ ಮುಖ್ಯ ಗುಣವೆಂದು ತಿಳಿದರೆ ಅರ್ಧವನ್ನಷ್ಟೇ ತಿಳಿದಂತೆ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ತಾಳೆಗರಿಯ ಕಟ್ಟಿಗೂ ಊರೂರಿಗೆ ಪ್ರತಿಯಾಗಿ ಹೋದ ಕಟ್ಟಿಗೂ ಇರುವ ಅಂತರವನ್ನು ಮಠದ ಪರಂಪರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಕೂಡಿಸಿದ ವಚನದ ಕಟ್ಟುಗಳು ನಾಡಿಗೆಲ್ಲ ದಕ್ಕಿದ್ದು, ಅವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು ಅವನ್ನು ಅಚ್ಚುಹಾಕಿ ಹೊರಗಿಟ್ಟುದರಿಂದ.

ಈಗ ಯಂತ್ರಗಳ ವಿಷಯ. ಮುಕ್ತ ವ್ಯವಸ್ಥೆಯನ್ನು ಯಾವ ಹಳೆಯ ಪೆಟ್ಟಿಗೆಯ ಮೇಲೆ ಹಾಕಿದರೂ ಓಡುತ್ತದೆಂಬ ಮಾತೊಂದು ಪ್ರಚಾರದಲ್ಲಿದೆ. ಇದು ಉತ್ಸಾಹಿಗಳ ಅತಿಶಯೋಕ್ತಿ. ಇದನ್ನು ನಂಬಿ ಕೈಸುಟ್ಟುಕೊಂಡವರು ಮತ್ತೆ ಆ ಕಡೆ ತಲೆಹಾಕುವುದಿಲ್ಲವಾದ್ದರಿಂದ, ಮುಕ್ತ ತಂತ್ರಾಂಶಕ್ಕೆ ಇದರಷ್ಟು ಕೆಡುಕು ಮಾಡಿದ ಮಾತು ಬೇರೊಂದಿಲ್ಲ. 32 ಬಿಟ್‌ನ ಬಹು ಹಳೆಯ ಸಂಸ್ಕಾರಕವುಳ್ಳ ಯಂತ್ರಗಳನ್ನು ವಿನಯದಿಂದಲೇ ನಿರಾಕರಿಸತಕ್ಕದ್ದು. ಉಬುಂಟು 2017ರಲ್ಲಿಯೇ ಅಂತಹ ಯಂತ್ರಗಳಿಗೆ ಸ್ಥಾಪನಾ ಪ್ರತಿಯನ್ನು ಕೊಡುವುದನ್ನು ನಿಲ್ಲಿಸಿತು. ಬಹುಕಾಲ ಅವನ್ನು ಕೈಬಿಡದಿದ್ದ ಡೆಬಿಯನ್ ಕೂಡ 2025ರ ಆಗಸ್ಟ್ ತಿಂಗಳಲ್ಲಿ ಹೊರಬಂದ ತನ್ನ 13ನೆಯ ಆವೃತ್ತಿಯಲ್ಲಿ ಅವುಗಳ ಮೇಲಿನ ಹೊಸ ಸ್ಥಾಪನೆಯನ್ನು ಬಿಟ್ಟುಕೊಟ್ಟಿತು. ಆದರೆ 2012ರಿಂದ 2017ರ ನಡುವೆ ಕಚೇರಿಗಳಿಗೆ ಬಂದ ಸಾಧಾರಣ ಯಂತ್ರ, ಅಂದರೆ ಇಂಟೆಲ್ ಐ3 ಅಥವಾ ಐ5 ಸಂಸ್ಕಾರಕದ ಡೆಸ್ಕ್‌ಟಾಪ್, ಶಾಲೆಯ ಪ್ರಯೋಗಾಲಯಕ್ಕೆ ಉತ್ತಮವಾದ ಸರಕು. ವಿಂಡೋಸ್ 11ಕ್ಕೆ ಬೇಡವಾದ ಯಂತ್ರಗಳ ದೊಡ್ಡ ಪಾಲು ಇಂಥವೇ.

ಅಂತಹ ಯಂತ್ರ ನಿಧಾನವಾಗಿದೆಯೆಂದು ದೂರು ಬಂದರೆ ತಪ್ಪು ಸಾಮಾನ್ಯವಾಗಿ ಸಂಸ್ಕಾರಕದ್ದಲ್ಲ. ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕಿನದು. ಅದನ್ನು ತೆಗೆದು ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ.ಯನ್ನು ಹಾಕಿಸಿದರೆ ಆಗುವ ವ್ಯತ್ಯಾಸವನ್ನು ನೋಡಿಯೇ ತಿಳಿಯಬೇಕು. ಎರಡನೆಯದು ರ‍್ಯಾಮ್. 4 ಜಿ.ಬಿ. ಇದ್ದಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂತಹ ಹಗುರವಾದ ವ್ಯವಸ್ಥೆ ನಡೆಯುತ್ತದೆ. ಆದರೆ ಇಂದಿನ ಜಾಲತಾಣಗಳ ಭಾರವನ್ನು ಹೊರಲು 8 ಜಿ.ಬಿ. ಇರುವುದು ಲೇಸು. ಇವೆರಡಕ್ಕೂ ಸಿಟಿ ಮಾರುಕಟ್ಟೆಯ ಬಳಿಯ ಎಸ್.ಪಿ. ರಸ್ತೆಗೆ ಹೋದರೆ ಸಾಕು, ಆದರೆ ಹೋಗುವ ಮುನ್ನ ಯಂತ್ರದ ರ‍್ಯಾಮ್ ಡಿ.ಡಿ.ಆರ್. 3 ವರ್ಗದ್ದೋ 4 ವರ್ಗದ್ದೋ ಎಂದು ನೋಡಿಕೊಂಡಿರಬೇಕು. ಒಂದು ಇನ್ನೊಂದರ ಸ್ಥಾನದಲ್ಲಿ ಕೂರುವುದಿಲ್ಲ. ಯಂತ್ರವನ್ನು ಹಚ್ಚಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿರುವುದು ಕಂಡರೆ ಗಾಬರಿಯಾಗಬೇಕಾಗಿಲ್ಲ. ಮದರ್‌ಬೋರ್ಡಿನ ಮೇಲಿನ ಸಿ.ಆರ್. 2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಮುಗಿದಿರುತ್ತದೆ, ಅಷ್ಟೆ.

ಮುಕ್ತ ವ್ಯವಸ್ಥೆಗೆ ಯಂತ್ರವನ್ನು ಆರಿಸುವವರು ವಿಶೇಷವಾಗಿ ಗಮನಿಸಬೇಕಾದುದು ಡ್ರೈವರ್ ಎಂಬ ಚಾಲಕ ತಂತ್ರಾಂಶದ ಸಂಗತಿ. ಪ್ರತಿಯೊಂದು ಬಿಡಿಭಾಗಕ್ಕೂ ಅದರ ಭಾಷೆಯನ್ನು ಬಲ್ಲ ದುಭಾಷಿಯೊಬ್ಬ ಬೇಕು. ತಯಾರಕರು ಆ ಭಾಷೆಯನ್ನು ಬಹಿರಂಗಪಡಿಸಿದ್ದರೆ ದುಭಾಷಿ ಲಿನಕ್ಸಿನ ಜೊತೆಯಲ್ಲೇ ಬಂದಿರುತ್ತಾನೆ. ಗುಟ್ಟಾಗಿಟ್ಟಿದ್ದರೆ ನಾವು ಪರದಾಡಬೇಕು. ಇಂಟೆಲ್ ಸಂಸ್ಥೆಯ ಚಿತ್ರಭಾಗ ಮತ್ತು ವೈಫೈ ಭಾಗಗಳು ಈ ದೃಷ್ಟಿಯಿಂದ ನಿರುಪದ್ರವಿಗಳು. ಬ್ರಾಡ್‌ಕಾಮ್ ವೈಫೈ, ರಿಯಲ್‌ಟೆಕ್ ಸಂಸ್ಥೆಯ ಕೆಲವು ಯು.ಎಸ್.ಬಿ. ವೈಫೈ ತುಂಡುಗಳು, ಎನ್‌ವಿಡಿಯಾದ ಚಿತ್ರಫಲಕಗಳು ಇವು ನಡೆಯುವುದಿಲ್ಲವೆಂದಲ್ಲ. ನಡೆಸಲು ಪ್ರತ್ಯೇಕ ಶ್ರಮ ಬೇಕು, ಮತ್ತು ಪರಿಷ್ಕರಣೆಯಾದಾಗ ಕೆಲವೊಮ್ಮೆ ಆ ಶ್ರಮವನ್ನು ಮತ್ತೆ ಮಾಡಬೇಕು. ಶಾಲೆಯ ಪ್ರಯೋಗಾಲಯದಲ್ಲಿ ವೈಫೈಯನ್ನು ನೆಚ್ಚದೆ ತಂತಿಯ ಜಾಲವನ್ನೇ ಹಾಕಿಸುವುದು ಈ ತಾಪತ್ರಯದ ಅರ್ಧವನ್ನು ಕಳೆಯುತ್ತದೆ. ಮೂವತ್ತು ಯಂತ್ರಗಳು ಒಂದೇ ಕೊಠಡಿಯಲ್ಲಿ ಒಮ್ಮೆಲೇ ಗಾಳಿಯ ಮೂಲಕ ಜಾಲವನ್ನು ಸೇರಲು ಹೊರಟರೆ ಯಾವ ವ್ಯವಸ್ಥೆಯೂ ತೊಡರುತ್ತದೆ.

ಪ್ರಿಂಟರ್ ಇನ್ನೊಂದು ಎಡರು. ಶಾಲಾ ಕಚೇರಿ ಮುಕ್ತ ವ್ಯವಸ್ಥೆಯನ್ನು ಒಲ್ಲೆನೆನ್ನುವುದು ಬಹುಪಾಲು ಪ್ರಿಂಟರಿನ ದೆಸೆಯಿಂದ. ಎಚ್.ಪಿ. ಸಂಸ್ಥೆ ತನ್ನ ಪ್ರಿಂಟರುಗಳಿಗಾಗಿ ಎಚ್‌ಪಿಲಿಪ್ ಎಂಬ ಮುಕ್ತ ಚಾಲಕವನ್ನು ಒದಗಿಸಿರುವುದರಿಂದ ಅದರ ಹಲವು ಮಾದರಿಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ನಮ್ಮ ನಾಡಿನ ಡಿ.ಟಿ.ಪಿ. ಅಂಗಡಿಗಳಲ್ಲೆಲ್ಲ ಕಾಣಸಿಗುವ ಕ್ಯಾನನ್ ಎಲ್.ಬಿ.ಪಿ. 2900 ಗಟ್ಟಿಮುಟ್ಟಾದ ಯಂತ್ರವಾದರೂ ತಯಾರಕರದೇ ಪ್ರತ್ಯೇಕ ಭಾಷೆಯನ್ನಾಡುವುದರಿಂದ ಲಿನಕ್ಸಿನಲ್ಲಿ ಅದನ್ನು ಪಳಗಿಸುವುದು ಪ್ರಯಾಸದ ಕೆಲಸ. ಇತ್ತೀಚಿನ ಜಾಲಸಂಪರ್ಕವುಳ್ಳ ಪ್ರಿಂಟರುಗಳಲ್ಲಿ ಹಲವು ಪ್ರತ್ಯೇಕ ಚಾಲಕದ ಅಗತ್ಯವೇ ಇಲ್ಲದೆ ನಡೆಯುತ್ತವೆ. ಹೊಸದನ್ನು ಕೊಳ್ಳುವಾಗ ಇದನ್ನೊಂದು ಷರತ್ತಾಗಿ ಬರೆದುಕೊಡುವುದು ಕ್ಷೇಮ.

ಇಷ್ಟನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟವೆನ್ನುವವರಿಗೆ ಒಂದು ಸುಲಭೋಪಾಯವುಂಟು. ನಿಜಕ್ಕೂ ಎಲ್ಲ ಪಟ್ಟಿಗಳಿಗಿಂತ ಅದೇ ಮೇಲು. ಉಬುಂಟು ಅಥವಾ ಮಿಂಟ್ ವ್ಯವಸ್ಥೆಯನ್ನು ಒಂದು ಪೆನ್ ಡ್ರೈವ್‌ಗೆ ಇಳಿಸಿಕೊಂಡು, ದಾನಿಯ ಕಚೇರಿಗೋ ಅಂಗಡಿಗೋ ಹೋಗಿ, ಯಂತ್ರವನ್ನು ಆ ಪೆನ್ ಡ್ರೈವ್‌ನಿಂದಲೇ ಹಚ್ಚತಕ್ಕದ್ದು. ಒಳಗಿನ ಡಿಸ್ಕನ್ನು ಮುಟ್ಟದೆ ವ್ಯವಸ್ಥೆ ಪರದೆಯ ಮೇಲೆ ಮೂಡುತ್ತದೆ. ಹತ್ತು ನಿಮಿಷ ಕುಳಿತು ಧ್ವನಿ ಕೇಳುತ್ತದೆಯೆ, ಜಾಲ ಸಿಗುತ್ತದೆಯೆ, ಪರದೆ ತನ್ನ ಪೂರ್ಣ ಅಳತೆಗೆ ಬಂದಿದೆಯೆ, ಪ್ರಿಂಟರಿನಿಂದ ಒಂದು ಹಾಳೆ ಹೊರಬರುತ್ತದೆಯೆ, ಮಲಗಿಸಿದ ಯಂತ್ರ ಮತ್ತೆ ಏಳುತ್ತದೆಯೆ ಎಂದು ನೋಡಿದರೆ ಯಂತ್ರದ ಜಾತಕವೇ ಕೈಗೆ ಸಿಕ್ಕಂತೆ. ಯಾವ ಬಿಡಿಭಾಗಕ್ಕೆ ಯಾವ ಚಾಲಕವೆಂಬ ಶಾಸ್ತ್ರ ತಿಳಿಯದ ಗಣಿತದ ಶಿಕ್ಷಕರೂ ಈ ಪರೀಕ್ಷೆಯನ್ನು ನಡೆಸಬಲ್ಲರು. ಸಾಧ್ಯವಾದ ಮಟ್ಟಿಗೆ ಒಂದೇ ಮಾದರಿಯ ಯಂತ್ರಗಳನ್ನು ಪಡೆಯುವುದು ಇನ್ನೊಂದು ಜಾಣತನ. ಹತ್ತು ಬಗೆಯ ಇಪ್ಪತ್ತು ಯಂತ್ರಗಳಿಗಿಂತ ಒಂದೇ ಬಗೆಯ ಹನ್ನೆರಡು ಯಂತ್ರಗಳು ಶಾಲೆಗೆ ಹೆಚ್ಚು ಉಪಕಾರಿ: ಒಂದರ ಅಂಗವನ್ನು ಇನ್ನೊಂದಕ್ಕೆ ಹಾಕಬಹುದು, ಒಂದನ್ನು ಸಿದ್ಧಪಡಿಸಿ ಅದರ ಪ್ರತಿಯನ್ನು ಉಳಿದವಕ್ಕೆ ಇಳಿಸಬಹುದು.

ಇನ್ನು ಕನ್ನಡದ ಪ್ರಶ್ನೆ. ಕನ್ನಡ ಶಾಲೆಯಲ್ಲಿ ಮುಕ್ತ ವ್ಯವಸ್ಥೆಯ ಅಳಿವು ಉಳಿವು ತೀರ್ಮಾನವಾಗುವುದು ಸಂಸ್ಕಾರಕದ ವೇಗದಲ್ಲಲ್ಲ, ಪ್ರಶ್ನೆಪತ್ರಿಕೆಯಲ್ಲಿ. ವರ್ಷಾನುವರ್ಷ ಶಿಕ್ಷಕರು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು, ಸುತ್ತೋಲೆಗಳು, ವಾರ್ಷಿಕ ವರದಿಗಳು ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇರುತ್ತವೆ. ಆ ಹಳೆಯ ಪದ್ಧತಿಯಲ್ಲಿ ಯಂತ್ರಕ್ಕೆ ಕನ್ನಡ ಅಕ್ಷರವೆಂಬುದರ ಅರಿವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ನಮ್ಮ ಕಣ್ಣಿಗೆ ಕನ್ನಡವೆನಿಸುವಂತೆ ಮಾಡಲಾಗಿತ್ತು. ಅಂದಿನ ಪರಿಸ್ಥಿತಿಯಲ್ಲಿ ಅದು ದೊಡ್ಡ ಉಪಕಾರವೇ ಸರಿ. ಅದಿಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಅಷ್ಟು ಬೇಗ ಕಾಣಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂತಹ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದಾಗ ರೋಮನ್ ಅಕ್ಷರಗಳ ಹುಚ್ಚುಹೊಳೆ ಕಾಣಿಸುತ್ತದೆ. ಇದನ್ನು ಕಂಡ ಶಿಕ್ಷಕರು 'ಇದರಲ್ಲಿ ಕನ್ನಡ ಬರುವುದಿಲ್ಲ' ಎಂದು ತೀರ್ಪು ಕೊಟ್ಟು ಎದ್ದುಹೋಗುತ್ತಾರೆ. ತೀರ್ಪು ತಪ್ಪಾದರೂ ಅವರು ಕಂಡದ್ದು ಸುಳ್ಳಲ್ಲ.

ವಾಸ್ತವದಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಸ್ಥಾನ ಪಡೆದಿದೆ, ಮತ್ತು ಮುಕ್ತ ವ್ಯವಸ್ಥೆಗಳು ಯುನಿಕೋಡ್ ಕನ್ನಡವನ್ನು ಚೆನ್ನಾಗಿ ಬಲ್ಲವು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿ, ಕರ್ನಾಟಕ ಸರ್ಕಾರದ ಅಂಗೀಕಾರ ಪಡೆದ ಕಗಪ ಕೀಲಿಮಣೆ ಲಿನಕ್ಸಿನ ಜೊತೆಯಲ್ಲೇ ಬರುತ್ತದೆ. ನುಡಿಯಲ್ಲಿ ಬೆರಳು ಪಳಗಿಸಿಕೊಂಡವರು ಹೊಸದಾಗಿ ಕಲಿಯಬೇಕಾದುದು ಬಹಳ ಕಡಿಮೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರವಿನ್ಯಾಸಗಳು ಉಂಟು. ಲಿಬ್ರೆ ಆಫೀಸಿನಲ್ಲಿ ಪ್ರಶ್ನೆಪತ್ರಿಕೆಯನ್ನು ರಚಿಸಲು ಅಡ್ಡಿಯಿಲ್ಲ. ಹಳೆಯ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ದೊರೆಯುತ್ತವೆ, ಆದರೆ ಅರ್ಕಾವತ್ತು ಒತ್ತಕ್ಷರಗಳಲ್ಲಿ ಅವು ಅಲ್ಲಲ್ಲಿ ಎಡವುವುದರಿಂದ ಕನ್ನಡ ಪಂಡಿತರೊಬ್ಬರ ಕಣ್ಣು ಹಾಯಲೇಬೇಕು. ನನ್ನ ಅಭಿಪ್ರಾಯದಲ್ಲಿ ಶಾಲೆಯೊಂದು ಮುಕ್ತ ವ್ಯವಸ್ಥೆಗೆ ಬರುವ ಮುನ್ನವೇ, ಇದ್ದ ವ್ಯವಸ್ಥೆಯಲ್ಲಿಯೇ, ಒಂದು ವರ್ಷ ಮೊದಲು ಯುನಿಕೋಡಿಗೆ ಬರಬೇಕು. ಎರಡು ಬದಲಾವಣೆಗಳನ್ನು ಒಮ್ಮೆಲೇ ಹೇರಿದರೆ ಎರಡೂ ಕೆಡುತ್ತವೆ. ಯುನಿಕೋಡಿನ ಪ್ರಯೋಜನ ಪ್ರಶ್ನೆಪತ್ರಿಕೆಗಷ್ಟೇ ಸೀಮಿತವೂ ಅಲ್ಲ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಒಳಗೊಂಡ ವಚನ ಸಂಚಯವೆಂಬ ಜಾಲತಾಣದಲ್ಲಿ ವಿದ್ಯಾರ್ಥಿಯೊಬ್ಬ ಒಂದು ಪದವನ್ನು ಕೊಟ್ಟು ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ನೋಡಬಲ್ಲನಾದರೆ, ಅಕ್ಷರಗಳು ಚಿತ್ರಗಳಾಗಿರದೆ ಅಕ್ಷರಗಳೇ ಆಗಿರುವುದು ಅದಕ್ಕೆ ಕಾರಣ.

ಯಂತ್ರ ಒಳ್ಳೆಯದಿದ್ದು, ವ್ಯವಸ್ಥೆ ಮುಕ್ತವಾಗಿದ್ದು, ಕನ್ನಡವೂ ಇದ್ದರೆ ಬಳಕೆ ತಾನಾಗಿ ಬೆಳೆಯುತ್ತದೆಯೆ? ಬೆಂಗಳೂರಿನದೇ ಒಂದು ನಿದರ್ಶನವು ಇಲ್ಲವೆನ್ನುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಲಿನಕ್ಸಿನ ಮೇಲೆ ನಡೆಯುತ್ತಿತ್ತು. ಸಾಮಾನ್ಯ ಜನರಿಗೆ, ಓದುಬರಹ ಬಾರದವರಿಗೂ, ಅವರವರ ಭಾಷೆಯಲ್ಲಿ ಗಣಕವನ್ನು ಮುಟ್ಟಿಸಬೇಕೆಂಬುದು ಅದರ ಆಶಯ. ಜಗತ್ತಿನ ಪತ್ರಿಕೆಗಳು ಅದನ್ನು ಹೊಗಳಿದವು. 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೂ ಬಂದಿತು. ಆದರೆ ನಿರೀಕ್ಷಿಸಿದ ಪ್ರಮಾಣದಲ್ಲಿ ಅದು ಜನರ ಕೈ ಸೇರಲಿಲ್ಲ. ಅದನ್ನು ರೂಪಿಸಿದವರ ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ. ಊರಿನಲ್ಲಿ ಅದನ್ನು ಕಲಿಸುವವರು, ಕೆಟ್ಟರೆ ಸರಿಪಡಿಸುವವರು, ನಿತ್ಯದ ಯಾವ ಕೆಲಸಕ್ಕೆ ಅದು ಬೇಕೆಂದು ತೋರಿಸುವವರು ಸಾಕಷ್ಟು ಇರಲಿಲ್ಲವೆಂದು ತೋರುತ್ತದೆ.

ಇದಕ್ಕೆ ಪ್ರತಿಯಾದ ನಿದರ್ಶನ ನೆರೆಯ ಕೇರಳದ್ದು. 2001ರಲ್ಲಿ ಅಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ, ಆ ದಶಕ ಮುಗಿಯುವುದರೊಳಗೆ, ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಗಣಕ ಬೋಧನೆಯನ್ನು ಮುಕ್ತ ವ್ಯವಸ್ಥೆಗೆ ತಂದಿತು. ಅಲ್ಲಿ ಹೊರಗಿನ ಗುತ್ತಿಗೆದಾರರ ಬೋಧಕನನ್ನು ನೆಚ್ಚಲಿಲ್ಲ; ಪ್ರತಿ ಶಾಲೆಯಲ್ಲಿ ಪಾಠ ಹೇಳುವ ಶಿಕ್ಷಕರಲ್ಲೇ ಒಬ್ಬರನ್ನು ಸಂಯೋಜಕರನ್ನಾಗಿ ನೇಮಿಸಿ ತರಬೇತಿ ಕೊಟ್ಟರು. ಇದರಲ್ಲಿ ಕನ್ನಡಿಗರಾದ ನಮಗೆ ವಿಶೇಷವಾಗಿ ಆಸಕ್ತಿಯ ಸಂಗತಿಯೊಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಅದೇ ಪಠ್ಯವನ್ನು ಕನ್ನಡದಲ್ಲಿ ಓದಿ ಮುಕ್ತ ವ್ಯವಸ್ಥೆಯಲ್ಲಿಯೇ ಕಲಿಯುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಇದು ಕಷ್ಟವೆನ್ನುವವರು ಒಮ್ಮೆ ಆ ಕಡೆಗೆ ಹೋಗಿಬರಬಹುದು.

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಪ್ರಯೋಗಾಲಯಗಳನ್ನು ಬಹುಕಾಲ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಡಲಾಗಿತ್ತು. ಗುತ್ತಿಗೆ ಮುಗಿದೊಡನೆ ಬೋಧಕನೂ ಹೋದರೆ, ಉಳಿಯುವುದು ಬೀಗ ಹಾಕಿದ ಕೊಠಡಿ. ಇದಕ್ಕೆ ಬೇರೊಂದು ದಾರಿಯನ್ನು ತೋರಿಸಿದ್ದು 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆ. ರಾಜ್ಯ ಶಿಕ್ಷಣ ಸಂಶೋಧನಾ ಮತ್ತು ತರಬೇತಿ ಇಲಾಖೆಯೊಡನೆ ನಮ್ಮ ಜಯನಗರದಲ್ಲಿಯೇ ನೆಲೆಸಿರುವ ಐ.ಟಿ. ಫಾರ್ ಚೇಂಜ್ ಸಂಸ್ಥೆ ಕೈಜೋಡಿಸಿ ನಡೆಸಿದ ಈ ಕಾರ್ಯಕ್ರಮದಲ್ಲಿ ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳ ಶಿಕ್ಷಕರು ಉಬುಂಟುವನ್ನು ಕಲಿತರು. ಗಮನಿಸಬೇಕಾದುದು, ಅವರಿಗೆ ಕಲಿಸಿದ್ದು ಕಾರ್ಯಾಚರಣ ವ್ಯವಸ್ಥೆಯ ತತ್ತ್ವವನ್ನಲ್ಲ. ಗಣಿತದ ಶಿಕ್ಷಕರಿಗೆ ಜಿಯೋಜೀಬ್ರಾದಲ್ಲಿ ತ್ರಿಭುಜವನ್ನು ಎಳೆದು ಹಿಗ್ಗಿಸುವುದನ್ನು ತೋರಿಸಿದರೆ, ಅದು ಯಾವ ವ್ಯವಸ್ಥೆಯ ಮೇಲೆ ನಡೆಯುತ್ತಿದೆಯೆಂಬ ಅಂಜಿಕೆ ತಾನಾಗಿ ಕರಗುತ್ತದೆ. ಭೂಗೋಳದವರಿಗೆ ಸ್ಟೆಲೇರಿಯಂನ ಆಕಾಶ, ರಸಾಯನಶಾಸ್ತ್ರದವರಿಗೆ ಕಾಲ್ಜಿಯಂನ ಆವರ್ತಕ ಕೋಷ್ಟಕ ಇದೇ ಕೆಲಸವನ್ನು ಮಾಡುತ್ತವೆ. ನಮ್ಮ ಶಾಲೆಯಲ್ಲಿಯೂ ಮೊದಲ ಯಂತ್ರವನ್ನು ಪ್ರಯೋಗಾಲಯದಲ್ಲಿಡದೆ ಶಿಕ್ಷಕರ ಕೊಠಡಿಯಲ್ಲಿಡಬೇಕೆಂದು ನಾನು ಸೂಚಿಸುವುದು ಈ ಕಾರಣಕ್ಕೆ. ಶಿಕ್ಷಕರು ಬಿಡುವಿನ ಅವಧಿಯಲ್ಲಿ ಮಕ್ಕಳ ಕಣ್ಣೆದುರಿಲ್ಲದೆ ತಪ್ಪುಮಾಡಿ ಕಲಿಯುವ ಅವಕಾಶ ಅಲ್ಲಿರುತ್ತದೆ.

ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ, ಬಿಳೇಕಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯಲ್ಲಿ ನಗರದ ಕಡೆಗೆ ತುಸು ಸಾಗಿದರೆ ಸಿಗುವ ಗುರಪ್ಪನಪಾಳ್ಯದ ಸುದರ್ಶನ ಬಡಾವಣೆಯನ್ನು ನೋಡಬಹುದು. ಅಲ್ಲಿಯ ಕೊಳಚೆ ಪ್ರದೇಶದಲ್ಲಿ 2000ದ ದಶಕದ ಉತ್ತರಾರ್ಧದಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವೆಂಬುದು ಆರಂಭವಾಯಿತು. ಮುಕ್ತ ತಂತ್ರಾಂಶದ ಸ್ವಯಂಸೇವಕರು ಬಿಡುವಿನ ದಿನಗಳಲ್ಲಿ ಬಂದು ಕಲಿಸುತ್ತಿದ್ದರು. ಕೂಲಿಕಾರರ ಮಕ್ಕಳು ಗ್ನೂ ಲಿನಕ್ಸಿನ ಮೇಲೆ ಗಿಂಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಚಿತ್ರ ಬರೆಯುವುದನ್ನು ಕಲಿತರು. ಆ ಮಕ್ಕಳಿಗೆ ಇದು 'ಬೇರೆ' ವ್ಯವಸ್ಥೆಯೆಂದು ಯಾರೂ ಹೇಳಿರಲಿಲ್ಲ. ಅವರಿಗೆ ಗಣಕಯಂತ್ರವೆಂದರೆ ಅದೇ ಆಗಿತ್ತು. ಹಳೆಯ ರೂಢಿಯನ್ನು ಮರೆಯುವ ಕಷ್ಟ ದೊಡ್ಡವರದು. ಮಕ್ಕಳಿಗೆ ಮರೆಯಲು ಏನೂ ಇರುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಹುಮ್ಮಸ್ಸಿನಲ್ಲಿ ಲೆಕ್ಕಪತ್ರ ವಿಭಾಗದ ಯಂತ್ರಕ್ಕೆ ಕೈಹಾಕಬಾರದು. ಟ್ಯಾಲಿ ವಿಂಡೋಸ್ ಮೇಲೆ ನಡೆಯುವಂಥದು. ಡಿಜಿಟಲ್ ಸಹಿಯ ಉಪಕರಣವನ್ನು ಬೇಡುವ ಕೆಲವು ಸರ್ಕಾರಿ ತಾಣಗಳೂ ಲಿನಕ್ಸಿನಲ್ಲಿ ತಕರಾರು ಮಾಡುವುದುಂಟು. ಅವುಗಳಿಗಾಗಿ ಪರವಾನಗಿಯುಳ್ಳ ವಿಂಡೋಸ್ ಯಂತ್ರವೊಂದು ಕಚೇರಿಯಲ್ಲಿರಲಿ. ವಿದ್ಯಾರ್ಥಿಗಳ ಮಾಹಿತಿಯನ್ನು ತುಂಬುವ ಇಲಾಖೆಯ ತಾಣಗಳು ಬ್ರೌಸರಿನಲ್ಲಿ ನಡೆಯುವುದರಿಂದ ಆ ಕೆಲಸಕ್ಕೆ ಮುಕ್ತ ವ್ಯವಸ್ಥೆ ಸಾಕು. ಪರವಾನಗಿಯಿಲ್ಲದ ಕಳ್ಳಪ್ರತಿಗಳನ್ನು ಮಾತ್ರ ಶಾಲೆಯ ಯಾವ ಯಂತ್ರದಲ್ಲೂ ಇರಗೊಡಬಾರದು. ಪರರ ಸೊತ್ತಿನ ಬಗ್ಗೆ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಒಂದನ್ನು ಹೇಳಿ ಪ್ರಯೋಗಾಲಯದಲ್ಲಿ ಇನ್ನೊಂದನ್ನು ಕಲಿಸುವುದು ಯಾವ ವಿದ್ಯಾಸಂಸ್ಥೆಗೂ, ಅದರಲ್ಲೂ ಮಠದ ಆಶ್ರಯದ ಸಂಸ್ಥೆಗೆ, ಶೋಭಿಸದು.

ಕಡೆಯದಾಗಿ, ಯಂತ್ರಗಳನ್ನು ಕೊಡಬಯಸುವ ಮಹನೀಯರಲ್ಲಿ ಕೆಲವು ವಿನಂತಿಗಳು. ನಮ್ಮ ಪರಂಪರೆಯಲ್ಲಿ ದಾಸೋಹವೆಂದರೆ ತನಗೆ ಬೇಡವಾದುದನ್ನು ಇನ್ನೊಬ್ಬರ ಬಾಗಿಲಿಗೆ ಇಳಿಸುವುದಲ್ಲವೆಂಬುದನ್ನು ಅವರು ಬಲ್ಲರು. ಯಂತ್ರವನ್ನು ಕಳುಹಿಸುವ ಮೊದಲು ಶಾಲೆಯಿಂದ ಒಬ್ಬರು ಪೆನ್ ಡ್ರೈವ್ ಹಿಡಿದು ಬಂದು ನೋಡಲು ಅವಕಾಶ ಕೊಡಬೇಕು. ಬಯಾಸ್ ಎಂಬ ಮೂಲ ಹಂತದಲ್ಲಿ ಕಚೇರಿಯವರು ಇಟ್ಟಿರುವ ಗುಪ್ತಪದವನ್ನು ತೆಗೆಸಿಕೊಡಬೇಕು. ಅದು ಉಳಿದಿದ್ದರೆ ಒಳ್ಳೆಯ ಯಂತ್ರವೂ ಬೀಗದ ಕೈ ಕಳೆದ ಪೆಟ್ಟಿಗೆಯಾಗುತ್ತದೆ. ಡಿಸ್ಕಿನಲ್ಲಿರುವ ಕಚೇರಿಯ ಮಾಹಿತಿಯನ್ನು ಪೂರ್ಣವಾಗಿ ಅಳಿಸಿ ಕೊಡಬೇಕು, ಅಥವಾ ಡಿಸ್ಕನ್ನು ತಾವೇ ಇಟ್ಟುಕೊಂಡು ಅದರ ಬದಲಿಗೆ ಹೊಸ ಎಸ್.ಎಸ್.ಡಿ.ಯೊಂದನ್ನು ಕೊಡಿಸಿದರೆ ಇನ್ನೂ ಸಂತೋಷ. ಪರದೆ, ಕೀಲಿಮಣೆ, ವಿದ್ಯುತ್ ತಂತಿಗಳು ಜೊತೆಯಲ್ಲೇ ಬರಲಿ. ಪರೀಕ್ಷೆಯಲ್ಲಿ ಉತ್ತೀರ್ಣವಾಗದ ಯಂತ್ರಗಳನ್ನು ಗುಜರಿ ಅಂಗಡಿಗೆ ತೂಕಕ್ಕೆ ಹಾಕದೆ, 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ದಾನಿಗಳೇ ತಲುಪಿಸುವುದು ಉಚಿತ. ಸ್ವೀಕರಿಸಿದ ಪ್ರತಿಯೊಂದು ಯಂತ್ರದ ಮಾದರಿ, ತಯಾರಾದ ವರ್ಷ, ರ‍್ಯಾಮಿನ ಪ್ರಮಾಣ, ಸ್ಥಾಪಿಸಿದ ವ್ಯವಸ್ಥೆಯ ಆವೃತ್ತಿ ಮತ್ತು ಅದರ ಬೆಂಬಲ ಮುಗಿಯುವ ವರ್ಷ ಇವನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ನಮೂದಿಸತಕ್ಕದ್ದು. ಉದಾಹರಣೆಗೆ 2024ರ ಏಪ್ರಿಲ್‌ನ ಉಬುಂಟು ಆವೃತ್ತಿಯನ್ನು ಹಾಕಿದ ಯಂತ್ರದ ಎದುರು 2029 ಎಂದು ಬರೆದಿಟ್ಟರೆ, ಅದನ್ನು ಮುಂದಿನ ಆವೃತ್ತಿಗೆ ಏರಿಸುವ ಕೆಲಸ ಆ ವರ್ಷದ ಬೇಸಗೆ ರಜೆಗೆ ಮುಂಚೆಯೇ ಯಾರ ಪಾಲಿಗೆ ಬರುವುದೆಂದು ಗೊತ್ತುಮಾಡಿಕೊಳ್ಳಬಹುದು.